ಅಬ್ಲೇಷನ್ ಆದ ಮೇಲೂ ಎದೆ ಡವಡವ: ಚಿಕಿತ್ಸೆ ಸೋತಂತೆಯೇ? ನಾಡಿ ಓದಿದ ಜೇಮ್ಸ್ ಮೆಕೆಂಜಿ ಬದುಕು ಹೇಳುವುದೇನು?

ಗಲಗಲಿಯ ಹಿರಿಯರೊಬ್ಬರು ದೊಡ್ಡ ಆಸ್ಪತ್ರೆಯಲ್ಲಿ ಹೃದಯದ ಅಬ್ಲೇಷನ್ ಮಾಡಿಸಿಕೊಂಡು ಊರಿಗೆ ಮರಳಿದ್ದಾರೆ ಎಂದುಕೊಳ್ಳಿ. ಮೂರನೇ ವಾರ ಮತ್ತೆ ಎದೆ ಡವಡವ. ಚಿಕಿತ್ಸೆ ಕೆಟ್ಟಿತು ಎಂದು ಮಗನಿಗೆ ಗಾಬರಿ. ಚಿಕಿತ್ಸೆ ಮುಗಿದಿದೆ, ಇನ್ನು ಮಾತ್ರೆ ಯಾಕೆ ಎಂಬುದು ನೆಂಟರ ಸಲಹೆ. ಇಬ್ಬರದ್ದೂ ಅವಸರ. ಯಾಕೆಂದು ತಿಳಿಯಲು 100 ವರ್ಷಗಳ ಹಿಂದೆ ತೀರಿಕೊಂಡ ಒಬ್ಬ ವೈದ್ಯರ ಬದುಕನ್ನು ನೋಡೋಣ.

ಜೇಮ್ಸ್ ಮೆಕೆಂಜಿ 1853ರಲ್ಲಿ ಸ್ಕಾಟ್ಲೆಂಡಿನ ರೈತ ಕುಟುಂಬದಲ್ಲಿ ಹುಟ್ಟಿದರು. ಶಾಲೆ ಬಿಟ್ಟು ಔಷಧ ಅಂಗಡಿಯಲ್ಲಿ ಕೆಲಸ ಕಲಿತರು. ಆಮೇಲೆ ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ, 1879ರಲ್ಲಿ ಇಂಗ್ಲೆಂಡಿನ ಬರ್ನ್ಲಿಗೆ ಬಂದರು. ನಮ್ಮ ರಬಕವಿ-ಬನಹಟ್ಟಿಯಂತೆ ಅದೂ ಮಗ್ಗಗಳ ಸದ್ದಿನ ನೇಕಾರರ ಊರು.

ಅಲ್ಲಿ ಹೃದ್ರೋಗವಿದ್ದ ಗರ್ಭಿಣಿಯೊಬ್ಬರು ಹೆರಿಗೆ ಸಮಯದಲ್ಲಿ ಅವರ ಕಣ್ಣೆದುರೇ ತೀರಿಕೊಂಡರು. ಯಾವ ಹೃದಯ ತಡೆದುಕೊಳ್ಳುತ್ತದೆ, ಯಾವುದು ಸೋಲುತ್ತದೆ ಎಂದು ಮೊದಲೇ ತಿಳಿಯುವುದು ಹೇಗೆ? ಈ ಪ್ರಶ್ನೆ ಅವರನ್ನು ಬಿಡಲಿಲ್ಲ. ಕೈಯ ನಾಡಿ ಮತ್ತು ಕುತ್ತಿಗೆಯ ರಕ್ತನಾಳದ ಮಿಡಿತ ಎರಡನ್ನೂ ಒಟ್ಟಿಗೆ ಕಾಗದದ ಮೇಲೆ ಬರೆಯುವ ಪಾಲಿಗ್ರಾಫ್ ಯಂತ್ರವನ್ನು ರೂಪಿಸಿದರು. ಅದೇ ರೋಗಿಗಳನ್ನು ವರ್ಷಗಟ್ಟಲೆ ನೋಡುತ್ತಾ ಬಂದರು.

ಫಲಿತಾಂಶ ಅಂದಿನ ನಂಬಿಕೆಗೆ ವಿರುದ್ಧವಾಗಿತ್ತು. ನಾಡಿ ತಾಳ ತಪ್ಪಿದ ಎಲ್ಲರಿಗೂ ಅಪಾಯವಿರಲಿಲ್ಲ. ನಡುವೆ ಬರುವ ಒಂದೊಂದು ಹೆಚ್ಚುವರಿ ಬಡಿತ ಸಾಮಾನ್ಯವಾಗಿ ನಿರುಪದ್ರವಿ. ಆದರೆ ಕೆಲವರ ನಾಡಿಗೆ ತಾಳವೇ ಇರುತ್ತಿರಲಿಲ್ಲ. ಕುತ್ತಿಗೆಯಲ್ಲಿ ಹೃದಯದ ಮೇಲಿನ ಕೋಣೆಯ ಅಲೆಯೂ ಮಾಯವಾಗಿರುತ್ತಿತ್ತು. ಆ ಕೋಣೆ ಕೆಲಸ ನಿಲ್ಲಿಸಿದೆ ಎಂದು ಅವರು ಮೊದಲು ಭಾವಿಸಿದ್ದರು. 1909ರಲ್ಲಿ ಥಾಮಸ್ ಲೂಯಿಸ್ ಇಸಿಜಿ ಮೂಲಕ ನಿಜ ತೋರಿಸಿದರು: ಕೋಣೆ ನಿಂತಿರಲಿಲ್ಲ, ಅಡ್ಡಾದಿಡ್ಡಿ ಕಂಪಿಸುತ್ತಿತ್ತು. ಇದೇ ಏಟ್ರಿಯಲ್ ಫಿಬ್ರಿಲೇಷನ್. ಮೆಕೆಂಜಿ ಕೈಯಲ್ಲಿದ್ದ ಮುಖ್ಯ ಮದ್ದು ನಾಡಿಯ ವೇಗ ಇಳಿಸುವ ಡಿಜಿಟಾಲಿಸ್ ಸೊಪ್ಪು.

ಇಂದು ತೊಡೆಯ ರಕ್ತನಾಳದಿಂದ ತೆಳು ಕೊಳವೆ ತೂರಿಸಿ ಅಬ್ಲೇಷನ್ ಮಾಡುತ್ತಾರೆ. ಶ್ವಾಸಕೋಶದಿಂದ ರಕ್ತ ತರುವ ನಾಳಗಳ ಒಳಗಿಂದ ಈ ಕಂಪನ ಹೆಚ್ಚಾಗಿ ಶುರುವಾಗುತ್ತದೆ ಎಂದು 1998ರಲ್ಲಿ ಫ್ರಾನ್ಸಿನ ವೈದ್ಯರು ತೋರಿಸಿದ್ದರು. ಆ ನಾಳಗಳ ಬಾಯಿಯ ಸುತ್ತ ಶಾಖ, ಅತಿ ಶೀತ ಅಥವಾ ವಿದ್ಯುತ್ ಸ್ಪಂದನದಿಂದ ಬೇಲಿ ಹಾಕುತ್ತಾರೆ. ವಿಧಾನ ಯಾವುದಾದರೂ ಗಾಯ ಮಾಯುವವರೆಗೆ, ಅಂದರೆ ಮೊದಲ ಎರಡು-ಮೂರು ತಿಂಗಳು, ತಾಳ ತಪ್ಪಬಹುದು. ಅಷ್ಟಕ್ಕೇ ಚಿಕಿತ್ಸೆ ಸೋತಿತು ಎನ್ನಲಾಗದು. ಆದರೆ ಹೀಗಾದವರಿಗೆ ಮುಂದೆಯೂ ತೊಂದರೆ ಮರಳುವ ಸಾಧ್ಯತೆ ಹೆಚ್ಚು. ಹಾಗಾಗಿ ಇಸಿಜಿ ಮಾಡಿಸಿ, ವೈದ್ಯರಿಗೆ ತಿಳಿಸಿ.

ಕೆಲವರಿಗೆ ಬೇಲಿಯ ಜೊತೆಗೆ ಕೋಣೆಯ ಗೋಡೆಯ ಮೇಲೆ ಉದ್ದ ಗೆರೆಗಳನ್ನೂ ಹಾಕುತ್ತಾರೆ. ಗೆರೆಯಲ್ಲಿ ಸಂದು ಉಳಿದರೆ ವಿದ್ಯುತ್ ಅದರೊಳಗೆ ನುಸುಳಿ ಸುತ್ತತೊಡಗುತ್ತದೆ. ಬೇರೆ ಬಗೆಯ ವೇಗದ ಬಡಿತ ಹುಟ್ಟುತ್ತದೆ. ಹೆಚ್ಚು ಸುಟ್ಟರೆ ಹೆಚ್ಚು ಗುಣ ಎಂಬುದು ನಿಜವಲ್ಲ. 2015ರಲ್ಲಿ ಪ್ರಕಟವಾದ ಸ್ಟಾರ್ ಎಎಫ್ 2 ಅಧ್ಯಯನದಲ್ಲಿ ಹೆಚ್ಚುವರಿ ಗೆರೆಗಳಿಂದ ಲಾಭ ಕಾಣಲಿಲ್ಲ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಬಡಿತ ಸರಿಯಾಯಿತೆಂದು ಲಕ್ವಾ ಭಯ ಹೋಗುವುದಿಲ್ಲ. ಮಾತು ತೊದಲುವುದು, ಒಂದು ಬದಿ ಸ್ವಾಧೀನ ತಪ್ಪುವುದು, ಪ್ರಜ್ಞೆ ತಪ್ಪುವುದು, ಎದೆನೋವು, ವಾರಗಳ ನಂತರ ಜ್ವರದ ಜೊತೆ ನುಂಗಲು ನೋವು: ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಿ.

ಮೆಕೆಂಜಿ 1925ರ ಜನವರಿಯಲ್ಲಿ ಹೃದ್ರೋಗದಿಂದಲೇ ತೀರಿಕೊಂಡರು. ಅವರ ಇಚ್ಛೆಯಂತೆ ಅವರ ಹೃದಯವನ್ನೂ ಪರೀಕ್ಷಿಸಲಾಯಿತು. ಒಂದು ದಿನದ ಬಡಿತ ನೋಡಿ ತೀರ್ಪು ಕೊಡದೆ, ರೋಗಿಯನ್ನು ಬಹುಕಾಲ ಗಮನಿಸಬೇಕು ಎಂಬುದೇ ಅವರ ಬದುಕಿನ ಪಾಠ. ಅಬ್ಲೇಷನ್ ಆದ ಮನೆಗಳಿಗೂ ಅದು ಅನ್ವಯಿಸುತ್ತದೆ.