ಕೀಟಗಳ ಬಾಳನ್ನು ಬರೆದ ಬಡ ಉಪಾಧ್ಯಾಯ

ಬೇಲಿಯ ಮೇಲೆ ಕೈಜೋಡಿಸಿ ಜಪಕ್ಕೆ ಕುಳಿತಂತಿರುವ ಸೂರ್ಯನ ಕುದುರೆಯನ್ನು ನಾವೆಲ್ಲ ಕಂಡಿದ್ದೇವೆ. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ನೊಣವನ್ನು ಹಿಡಿದು ತಿನ್ನುವುದನ್ನೂ ನೋಡಿದ್ದೇವೆ. ಇಂತಹ ಬೇಟೆಗಾರ ಕೀಟಗಳ ಬಾಳನ್ನು ಲೋಕಕ್ಕೆ ತಿಳಿಸಿಕೊಟ್ಟವರಲ್ಲಿ ಅಗ್ರಗಣ್ಯರು ಜೀನ್ ಹೆನ್ರಿ ಫಾಬ್ರೆ. ಅವರೂ ಶಾಲಾ ಉಪಾಧ್ಯಾಯರೇ ಆಗಿದ್ದರೆಂಬುದು ನಮಗೆ ಹೆಮ್ಮೆಯ ವಿಷಯ.

ಫಾಬ್ರೆ 1823ರಲ್ಲಿ ದಕ್ಷಿಣ ಫ್ರಾನ್ಸಿನ ಸೇಂಟ್ ಲಿಯಾನ್ಸ್ ಎಂಬ ಹಳ್ಳಿಯಲ್ಲಿ ಬಡ ಕುಟುಂಬದಲ್ಲಿ ಜನಿಸಿದರು. 1842ರಲ್ಲಿ ಉಪಾಧ್ಯಾಯರಾದರು. ಗಣಿತವನ್ನೂ ವಿಜ್ಞಾನವನ್ನೂ ಬಹುಮಟ್ಟಿಗೆ ಸ್ವಂತ ಪರಿಶ್ರಮದಿಂದಲೇ ಕಲಿತರು.

ಒಂದು ಬಗೆಯ ಕಣಜ ತನ್ನ ಮರಿಗಳಿಗಾಗಿ ದುಂಬಿಗಳನ್ನು ಬಿಲದಲ್ಲಿ ಕೂಡಿಡುತ್ತದೆ. ಆ ದುಂಬಿಗಳು ಬಹಳ ದಿನ ಕೊಳೆಯುವುದಿಲ್ಲ. ಕಣಜದ ವಿಷವೇ ಸತ್ತ ದುಂಬಿಯನ್ನು ಕೆಡದಂತೆ ಕಾಯುತ್ತದೆಂದು ಹಿರಿಯ ವಿದ್ವಾಂಸರೊಬ್ಬರು ನಂಬಿದ್ದರು. ಫಾಬ್ರೆ ಸ್ವತಃ ಪರೀಕ್ಷಿಸಿ ನೋಡಿದರು. ದುಂಬಿ ಸತ್ತಿರಲಿಲ್ಲ! ಕಣಜ ನರಗಳ ಗಂಟಿಗೆ ಕುಟುಕಿ ಅದನ್ನು ನಿಶ್ಚೇಷ್ಟಿತಗೊಳಿಸಿತ್ತು, ಅಷ್ಟೆ. ಮರಿಗೆ ತಾಜಾ ಆಹಾರ ದೊರೆಯುವ ಗುಟ್ಟು ಇದೇ. 1855ರಲ್ಲಿ ಇದನ್ನು ಅವರು ಪ್ರಕಟಿಸಿದರು.

ಅವಿನ್ಯಾನ್ ನಗರದಲ್ಲಿ ಹೆಣ್ಣುಮಕ್ಕಳಿಗೂ ವಿಜ್ಞಾನ ಪಾಠ ಹೇಳಿದ್ದು ಅವರಿಗೆ ಮುಳುವಾಯಿತು. ಹೂವಿನಲ್ಲಿ ಬೀಜ ಕಟ್ಟುವ ಬಗೆಯನ್ನು ವಿವರಿಸಿದ್ದನ್ನು ಸಂಪ್ರದಾಯಸ್ಥರು ಸಹಿಸಲಿಲ್ಲ. 1870ರಲ್ಲಿ ಕೆಲಸವೂ ಹೋಯಿತು, ಬಾಡಿಗೆ ಮನೆಯೂ ಹೋಯಿತು. ಮಕ್ಕಳೊಂದಿಗರಾದ ಅವರಿಗೆ ಆಂಗ್ಲ ತತ್ತ್ವಜ್ಞಾನಿ ಜಾನ್ ಸ್ಟೂವರ್ಟ್ ಮಿಲ್ 3000 ಫ್ರಾಂಕ್ ಸಾಲ ಕೊಟ್ಟು ನೆರವಾದರು. ಫಾಬ್ರೆ ಪಠ್ಯಪುಸ್ತಕಗಳನ್ನು ಬರೆದು ಸಂಸಾರ ಸಾಗಿಸಿದರು, ಸಾಲವನ್ನೂ ತೀರಿಸಿದರು.

1879ರಲ್ಲಿ ಸೆರಿನ್ಯಾನ್ ಗ್ರಾಮದಲ್ಲಿ ಕಲ್ಲುಮುಳ್ಳಿನ ಒಂದು ಬಂಜರು ಭೂಮಿಯನ್ನು ಕೊಂಡರು. ಬೆಳೆಗೆ ಬಾರದ ಆ ನೆಲವೇ ಅವರ ಪ್ರಯೋಗಶಾಲೆಯಾಯಿತು. ಕೊಲೆಗಡುಕ ತಿಗಣೆಯನ್ನೂ ಅವರು ಸಾಕಿ ನೋಡಿದರು. ಅದರ ಮರಿ ಮೈತುಂಬ ಧೂಳು ಮೆತ್ತಿಕೊಂಡು ವೇಷ ಮರೆಸುತ್ತದೆ. ಬೆಳೆದ ತಿಗಣೆ ಸೂಜಿಯಂತಹ ಕೊಕ್ಕಿನಿಂದ ಬೇಟೆಯನ್ನು ಚುಚ್ಚಿ ರಸ ಹೀರುತ್ತದೆ. ಹೀಗೆ ಕಂಡದ್ದನ್ನೆಲ್ಲ 1879ರಿಂದ 1907ರವರೆಗೆ ಹತ್ತು ಸಂಪುಟಗಳಲ್ಲಿ, ಕಥೆಯಷ್ಟು ಸರಳವಾಗಿ ಬರೆದರು.

ಡಾರ್ವಿನ್ ಅವರ ವಿಕಾಸವಾದವನ್ನು ಫಾಬ್ರೆ ಒಪ್ಪಲಿಲ್ಲ. ಆ ವಿಷಯದಲ್ಲಿ ಎಡವಿದವರು ಫಾಬ್ರೆಯೇ. ಆದರೂ ಡಾರ್ವಿನ್ ಅವರ ವೀಕ್ಷಣಾಶಕ್ತಿಯನ್ನು ಮನಸಾರೆ ಮೆಚ್ಚಿದ್ದರು, ಇಬ್ಬರೂ ಪತ್ರ ಬರೆದುಕೊಳ್ಳುತ್ತಿದ್ದರು.

1915ರಲ್ಲಿ ತಮ್ಮ 91ನೆಯ ವಯಸ್ಸಿನಲ್ಲಿ ಫಾಬ್ರೆ ತೀರಿಕೊಂಡರು. ಅವರ ಮನೆ, ತೋಟಗಳು ಇಂದು ವಸ್ತುಸಂಗ್ರಹಾಲಯವಾಗಿವೆ.

ವಿಜ್ಞಾನಕ್ಕೆ ದೊಡ್ಡ ಯಂತ್ರಗಳೇ ಬೇಕೆಂದು ನಾವು ಕೈಕಟ್ಟಿ ಕೂರಬೇಕಾಗಿಲ್ಲ. ನೋಡುವ ಕಣ್ಣು, ಕಾಯುವ ತಾಳ್ಮೆ ಇದ್ದರೆ ನಮ್ಮ ಬೇಲಿಯೇ ನಮಗೆ ಪಾಠಶಾಲೆ.