ಹೆಸರಿಲ್ಲದ ಪಾಲುದಾರ ಬಿಲ್ ಫಿಂಗರ್

ಸೂಪರ್‌ಹೀರೋಗಳಲ್ಲಿ ನನಗೆ ಹೆಚ್ಚು ಇಷ್ಟ ಬ್ಯಾಟ್‌ಮನ್. ಅವನು ಪೂರ್ತಿ ಒಳ್ಳೆಯವನಲ್ಲ, ಕಾನೂನನ್ನು ತಾನೇ ಕೈಗೆತ್ತಿಕೊಳ್ಳುತ್ತಾನೆ. ಆದರೆ ಅವನ ಕಥೆಗಾರ ಬಿಲ್ ಫಿಂಗರ್ ಅವರ ಬಗ್ಗೆ ಓದಿದ ಮೇಲೆ, ಸರಿ ಯಾವುದು ತಪ್ಪು ಯಾವುದು ಎಂಬ ಪ್ರಶ್ನೆ ಸಿನಿಮಾದಲ್ಲಿ ಇರುವುದಕ್ಕಿಂತ ಅವರ ಬದುಕಿನಲ್ಲೇ ದೊಡ್ಡದಾಗಿತ್ತು ಅನಿಸಿತು.

ಫಿಂಗರ್ 1914ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಹುಟ್ಟಿದರು. ನ್ಯೂಯಾರ್ಕ್‌ನಲ್ಲಿ ಬೂಟು ಮಾರುತ್ತಿದ್ದಾಗ ಚಿತ್ರಕಾರ ಬಾಬ್ ಕೇನ್ ಪರಿಚಯವಾದರು. ಕೇನ್ ಬರೆದ ಮೊದಲ ಬ್ಯಾಟ್‌ಮನ್‌ಗೆ ಕೆಂಪು ಉಡುಪು, ಗಟ್ಟಿ ರೆಕ್ಕೆಗಳಿದ್ದವು. ಕಿವಿಯಿರುವ ಮುಖವಾಡ, ಬೂದು ಬಣ್ಣ, ಬ್ರೂಸ್ ವೇನ್ ಎಂಬ ಹೆಸರು, ಗಾಥಮ್ ನಗರ ಎಲ್ಲವೂ ಫಿಂಗರ್ ಕೊಟ್ಟದ್ದು. 1939ರ ಮೊದಲ ಕಥೆಯೂ ಅವರದೇ. 1940ರ ಒಂದು ಕಥೆಯಲ್ಲಿ ಬ್ಯಾಟ್‌ಮನ್ ವಿಮಾನದಿಂದ ಗುಂಡು ಹಾರಿಸಿದ್ದನ್ನು ಸಂಪಾದಕರು ಆಕ್ಷೇಪಿಸಿದರು. ಬಳಿಕವೇ ಅವನು ಕೊಲ್ಲದ ನಾಯಕನಾದ. ನಾಣ್ಯ ಚಿಮ್ಮಿ ಒಳಿತು ಕೆಡುಕು ತೀರ್ಮಾನಿಸುವ ಟೂ-ಫೇಸ್‌ನ ಮೊದಲ ಕಥೆಯನ್ನು ಫಿಂಗರ್ 1942ರಲ್ಲಿ ಬರೆದರು.

ಆದರೆ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡವರು ಕೇನ್. ಸೃಷ್ಟಿಕರ್ತ ಎಂದು ಅವರೊಬ್ಬರ ಹೆಸರೇ ಬಂತು. ಫಿಂಗರ್‌ಗೆ ಸಿಕ್ಕಿದ್ದು ಬರೆದ ಕಥೆಗಳ ಸಂಭಾವನೆ ಮಾತ್ರ. 1965ರಲ್ಲಿ ಅವರು ಅಭಿಮಾನಿಗಳೆದುರು ತಮ್ಮ ಪಾಲಿನ ಕೆಲಸವನ್ನು ಹೇಳಿಕೊಂಡಾಗ ಕೇನ್ ಅದನ್ನು ಅಲ್ಲಗಳೆದರು. 1974ರಲ್ಲಿ ಫಿಂಗರ್ ತೀರಿಕೊಂಡರು. ಹದಿನೈದು ವರ್ಷಗಳ ನಂತರ ಕೇನ್ ತಮ್ಮ ಆತ್ಮಕಥೆಯಲ್ಲಿ ವಿಷಾದಪಟ್ಟರು. 2008ರ ದ ಡಾರ್ಕ್ ನೈಟ್ ಸಿನಿಮಾದಲ್ಲಿ ಟೂ-ಫೇಸ್ ಇದ್ದ, ಆದರೆ ಸೃಷ್ಟಿಕರ್ತರಾಗಿ ಫಿಂಗರ್ ಹೆಸರು ಇರಲಿಲ್ಲ. ಮೊಮ್ಮಗಳ ಪ್ರಯತ್ನದಿಂದ 2015ರಲ್ಲಿ ಕಂಪನಿ ಒಪ್ಪಿತು. 2016ರ ಬ್ಯಾಟ್‌ಮನ್ ವರ್ಸಸ್ ಸೂಪರ್‌ಮನ್ ಸಿನಿಮಾದಲ್ಲಿ ಕೇನ್ ಜೊತೆ ಅವರ ಹೆಸರೂ ಬಂತು.

ಹಾಗಾದರೆ ಕೇನ್ ಖಳನಾಯಕರೇ? ಮೊದಲ ಯೋಚನೆ ಅವರದು, ಫಿಂಗರ್‌ಗೆ ಕೆಲಸ ಕೊಟ್ಟವರೂ ಅವರೇ, ಒಪ್ಪಂದದಲ್ಲೂ ಮೋಸವಿರಲಿಲ್ಲ. ಪಾಲುದಾರಿಕೆ ಪತ್ರ ಇಲ್ಲದಿದ್ದರೆ ಲಾಭ ಸಮಪಾಲು ಎಂದು ನಮ್ಮ ಅಕೌಂಟೆನ್ಸಿ ಪಠ್ಯದಲ್ಲಿದೆ. ಫಿಂಗರ್ ಕಾಗದದಲ್ಲಿ ಪಾಲುದಾರರೇ ಅಲ್ಲ, ಆದ್ದರಿಂದ ಆ ನಿಯಮವೂ ಅವರಿಗೆ ನೆರವಾಗುತ್ತಿರಲಿಲ್ಲ. ನಮ್ಮ ಮನೆಯ ಉರ್ದುವಿನ ಹಕ್ ಎಂಬ ಪದವೇ ಕನ್ನಡದಲ್ಲಿ ಹಕ್ಕು ಆಗಿದೆ. ಕಾಗದದಲ್ಲಿ ಬರೆಯದ ಹಕ್ಕೂ ಹಕ್ಕೇ ಎಂದು ನಾನು ನಂಬುತ್ತೇನೆ.

ಗೆಳೆಯರೇ, ಗುಂಪಾಗಿ ಪ್ರಾಜೆಕ್ಟ್ ಮಾಡಿದಾಗ ದುಡಿದ ಎಲ್ಲರ ಹೆಸರನ್ನೂ ಮೊದಲ ಪುಟದಲ್ಲೇ ಬರೆಯೋಣ. ಅದಕ್ಕೆ ಒಂದು ನಿಮಿಷ ಸಾಕು. ಫಿಂಗರ್ ಹೆಸರು ಬರಲು 76 ವರ್ಷ ಬೇಕಾಯಿತು.