ಹೊಲದ ಪಾಲು

ಇಂಗಾಲದ ಲೆಕ್ಕಾಚಾರ ಚರ್ಚೆಗೆ ಬಂದಾಗಲೆಲ್ಲ ನನಗೆ ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯ ಒಬ್ಬ ರೈತ ನೆನಪಾಗುತ್ತಾರೆ. 1746ರಲ್ಲಿ ಹುಟ್ಟಿದ ಶರಣಬಸವೇಶ್ವರರು ಲೋಕ ತೊರೆದು ಶರಣರಾದವರಲ್ಲ. ಎರೆಭೂಮಿಯನ್ನು ಉತ್ತು ಬಿತ್ತಿ ಸಂಸಾರ ನಡೆಸಿದವರು. ತೆನೆಗೆ ಎರಗಿದ ಹಕ್ಕಿಗಳನ್ನು ಅವರು ಕವಣೆ ಬೀಸಿ ಓಡಿಸಲಿಲ್ಲ, ಬದಲಾಗಿ ಕುಡಿಯಲು ನೀರಿಟ್ಟರು ಎಂದು ಈ ಭಾಗದ ಜನ ಇಂದಿಗೂ ಹೇಳುತ್ತಾರೆ. ಬೆಳೆದ ಕಾಳಿನಲ್ಲಿ ಹಸಿದವರ ಪಾಲು ಮೊದಲು, ಮನೆಯ ಪಾಲು ಆಮೇಲೆ. ಮುಂದೆ ಹುಟ್ಟೂರು ಬಿಟ್ಟು ಕಲಬುರಗಿಗೆ ಬಂದರು. ಅಲ್ಲಿಯೂ ಅನ್ನದಾಸೋಹವನ್ನೇ ಕಾಯಕವಾಗಿಸಿಕೊಂಡು 1822ರಲ್ಲಿ ಲಿಂಗೈಕ್ಯರಾದರು. ಎರಡು ಶತಮಾನ ಕಳೆದರೂ ಅವರ ಸನ್ನಿಧಿಯಲ್ಲಿ ದಾಸೋಹ ನಡೆದೇ ಇದೆ.

ಶರಣರಿಗೆ ಇಂಗಾಲದ ಚಕ್ರ ತಿಳಿದಿತ್ತೆಂದು ವಾದಿಸುವುದು ಬಾಲಿಶ. ಆದರೆ ಅವರು ಬದುಕಿ ತೋರಿದ ಪಾಲಿನ ನ್ಯಾಯ ಅವರದೇ ನೆಲಕ್ಕೆ ಇಂದು ಬೇಕಾಗಿದೆ.

2070ರ ಹೊತ್ತಿಗೆ ಇಂಗಾಲದ ನಿವ್ವಳ ಹೊರಸೂಸುವಿಕೆಯನ್ನು ಶೂನ್ಯಕ್ಕಿಳಿಸುವುದಾಗಿ ಭಾರತ 2021ರಲ್ಲಿ ಗ್ಲಾಸ್ಗೊದಲ್ಲಿ ಘೋಷಿಸಿತು. ದೀಪ, ಪಂಪ್‌ಸೆಟ್, ವಾಹನಗಳನ್ನು ಬಿಸಿಲು ಮತ್ತು ಗಾಳಿಯ ವಿದ್ಯುತ್ತು ನಡೆಸಬಲ್ಲದು. ಆದರೆ ಪ್ಲಾಸ್ಟಿಕ್, ಔಷಧಿ, ವಿಮಾನದ ಇಂಧನಗಳಿಗೆ ಇಂಗಾಲವೇ ಕಚ್ಚಾವಸ್ತು. ಕಲ್ಲೆಣ್ಣೆಯನ್ನು ಕೈಬಿಟ್ಟರೆ ಅದನ್ನು ಗಾಳಿಯಿಂದ ಹಿಡಿಯಬೇಕು, ಇಲ್ಲವೇ ಬೆಳೆಯಿಂದ ಪಡೆಯಬೇಕು. ಬೆಳೆಯ ದಾರಿಯೇ ಅಗ್ಗ. ಹಾಗಾಗಿ ಎಲ್ಲರ ಕಣ್ಣು ಹೊಲದ ಉಳಿಕೆಯ ಮೇಲೆ ಬೀಳುತ್ತದೆ.

ಆಳಂದ, ಅಫಜಲಪುರ ತಾಲ್ಲೂಕುಗಳ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆ ಈಗಾಗಲೇ ವಿದ್ಯುತ್ತಾಗುತ್ತಿದೆ. ಉರಿದು ಹೋದ ಇಂಗಾಲವನ್ನು ಮರುವರ್ಷದ ಕಬ್ಬು ಹೀರಿಕೊಳ್ಳುವುದರಿಂದ ಆ ಲೆಕ್ಕ ಬಹುಮಟ್ಟಿಗೆ ಸರಿಹೋಗುತ್ತದೆ. ಆದರೆ ನಾಳೆ ಕಬ್ಬಿನ ರವದಿ, ತೊಗರಿಯ ಕಟ್ಟಿಗೆಗೂ ಗಿರಾಕಿಗಳು ಬಂದಾರು. ಒಣ ಕಟ್ಟಿಗೆಯ ತೂಕದಲ್ಲಿ ಅರ್ಧಕ್ಕೆ ಸಮೀಪ ಇಂಗಾಲವೇ. ಎಲ್ಲವನ್ನೂ ಬಾಚಿ ಒಯ್ದರೆ, ಮೊದಲೇ ಸಾವಯವ ಇಂಗಾಲ ಕಡಿಮೆಯಿರುವ ಈ ನೆಲ ಮತ್ತಷ್ಟು ಸೊರಗುತ್ತದೆ. ತೇವ ಹಿಡಿದಿಡುವ ಶಕ್ತಿ ಕುಗ್ಗುತ್ತದೆ. ಆ ನಷ್ಟ ಬೀಳುವುದು ಮಳೆಯನ್ನೇ ನಂಬಿದ ತೊಗರಿ ಬೆಳೆಗಾರನ ತಲೆಯ ಮೇಲೆ.

ಆದ್ದರಿಂದ ಉಳಿಕೆಯನ್ನು ಕೊಳ್ಳುವ ಒಪ್ಪಂದಗಳಿಗೆ ಸರ್ಕಾರ ಅನುಮತಿ ನೀಡುವ ಮುನ್ನ ಎರಡು ನಿಯಮ ಅಗತ್ಯವೆಂದು ನನ್ನ ಅಭಿಪ್ರಾಯ. ಮೊದಲನೆಯದು, ಗೊಬ್ಬರವಾಗಿಯೋ ಇದ್ದಿಲಾಗಿಯೋ ಮಣ್ಣಿಗೆ ಮರಳಬೇಕಾದ ಪಾಲನ್ನು ಹೊಲದಲ್ಲೇ ನಿಗದಿಪಡಿಸುವುದು. ಎರಡನೆಯದು, ಒಯ್ಯುವ ಪಾಲಿಗೆ ರೈತನಿಗೆ ನ್ಯಾಯವಾದ ಬೆಲೆ ಕೊಡುವುದು. ಹಕ್ಕಿಗೂ ಪಾಲು ಕೊಟ್ಟವರ ನಾಡಿನಲ್ಲಿ ಮಣ್ಣಿನ ಪಾಲನ್ನು ಮರೆಯಬಾರದು.